ಹಿತ್ತಲಿನೊಳಗೆ ಇಣುಕದವರು

ಬೆಟಗೇರಿ, ಓದುಕಟ್ಟೆಯ ಪಡಸಾಲೆ
ಗೋಪುರ ಶಕೆ ತೊಂಬತ್ತೆರಡು, ಬರಿಗಾಳಿ ಮಾಸ, ಹುಣ್ಣಿಮೆಗೆ ಮುಂಚಿನ ಮಂಗಳವಾರ

ಕಾಣದ ಹಿರಿಯರಿಗೆ,

ಮೇಲಿನ ತಾರೀಖು ನಿಮಗೆ ಅರ್ಥವಾಗುವುದಿಲ್ಲ. ಕಪ್ಪತಗುಡ್ಡದ ಮೇಲೆ ನೀರೆತ್ತುವ ಮೊದಲ ಗಾಳಿಗೋಪುರ ತಿರುಗಿದ ವರ್ಷದಿಂದ ನಾವು ಕಾಲವನ್ನು ಎಣಿಸುತ್ತೇವೆ. ನಿಮ್ಮ ಲೆಕ್ಕದಲ್ಲಿ ಇದು ಇಪ್ಪತ್ತೆರಡನೆಯ ಶತಮಾನ ಮುಗಿಯುತ್ತ ಬಂದ ಹೊತ್ತು. ಬರಿಗಾಳಿ ಮಾಸವೆಂದರೆ ಮಳೆ ತರದ ಗಾಳಿ ಬೀಸುವ ತಿಂಗಳು, ಬೇಸಿಗೆಯ ಬಾಗಿಲು. ನನ್ನ ಮಾತುಗಳಲ್ಲಿ ಕೆಲವು ನಿಮ್ಮ ಕಾಲದಲ್ಲಿ ಇರಲಿಲ್ಲ. ಕೆಲವು ಇದ್ದವು, ಆದರೆ ಬೇರೆ ಕೆಲಸ ಮಾಡುತ್ತಿದ್ದವು. ಅಲ್ಲಲ್ಲಿ ನಿಂತು ವಿವರಿಸುತ್ತೇನೆ. ಅಪರಿಚಿತ ಭಾಷೆಯಿಂದ ಬಂದ ಪುಸ್ತಕವನ್ನು ಓದುವಾಗ ತೋರಿಸುವ ತಾಳ್ಮೆಯನ್ನು ನನಗೂ ತೋರಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಯಂತ್ರಗಳ ನುಡಿಯನ್ನು ಎಲ್ಲರಿಗೂ ತೆರೆದಿಟ್ಟು ಬರೆದವರು ನೀವು. ಆ ಬರಹದಲ್ಲಿ ಒಂದಷ್ಟು ಜಾಗವನ್ನು ಖಾಲಿ ಬಿಟ್ಟು, ಮುಂದಿನ ಬಳಕೆಗೆ ಕಾಯ್ದಿರಿಸಿದೆ ಎಂದು ಪಕ್ಕದಲ್ಲಿ ಗುರುತು ಹಾಕಿದಿರಿ. ಆ ಮುಂದು ನಾವು. ಆ ಖಾಲಿ ಜಾಗದಲ್ಲಿ ಏನು ಬಂದು ಕೂತಿತು ಎಂದು ನಿಮಗೆ ತಿಳಿಸಲು ಬರೆಯುತ್ತಿದ್ದೇನೆ. ನಮ್ಮ ಊರಿನ ಬೇಸಿಗೆಯ ನೀರು ಈ ವಾರ ನಿಲ್ಲುತ್ತದೆ. ಏಕೆ ಎಂದು ಯಾರಿಗಾದರೂ ಹೇಳಬೇಕು. ಬದುಕಿರುವವರಿಗೆ ಹೇಳಿದರೆ ಅವರು ಕೊಡುವ ಉತ್ತರ ನನಗೆ ಆಗಲೇ ಗೊತ್ತಿದೆ. ಅದನ್ನು ಇನ್ನೊಮ್ಮೆ ಕೇಳುವ ಶಕ್ತಿ ಇಲ್ಲ.

ಮೊದಲು ನನ್ನ ಪರಿಚಯ. ನಾನು ಕಾಶವ್ವ ಅಚ್ಚಿನಮನಿ, ಬೆಟಗೇರಿಯ ಚಿಪ್ಪಿನಚ್ಚು ಮನೆಯಲ್ಲಿ ಓದುಗಾರ್ತಿ. ನೀವು ಚಿಪ್ ಎನ್ನುತ್ತಿದ್ದುದನ್ನು ನಾವು ಚಿಪ್ಪು ಎನ್ನುತ್ತೇವೆ. ಗದಗ-ಬೆಟಗೇರಿಯಲ್ಲಿ ನಿಮ್ಮ ಕಾಲದಲ್ಲೂ ಮುದ್ರಣಾಲಯಗಳಿದ್ದವು, ಮಗ್ಗಗಳಿದ್ದವು. ಅವೆರಡೂ ಕೂಡಿ ನಮ್ಮ ಕಸುಬಾಯಿತು. ತೆಳುವಾದ ಹಾಳೆಯ ಸುರುಳಿಯನ್ನು ಉರುಳೆಗಳ ನಡುವೆ ಹಾಯಿಸುತ್ತೇವೆ. ಒಂದೊಂದು ಉರುಳೆ ಒಂದೊಂದು ಪದರ ಗೆರೆಗಳನ್ನು ಒತ್ತುತ್ತದೆ. ಹೊರಬಂದ ಹಾಳೆಯನ್ನು ಧೂಳಿಲ್ಲದ ಉದ್ದನೆಯ ಕೋಣೆಯಲ್ಲಿ, ಹಿಂದೆ ನೂಲಿನ ಲಡಿಗಳನ್ನು ಒಣಹಾಕುತ್ತಿದ್ದಂತೆ, ಸಾಲಾಗಿ ತೂಗುಹಾಕುತ್ತೇವೆ. ಆ ಕೋಣೆಗೆ ಹೋಗುವವರು ಎಣ್ಣೆ ಹಚ್ಚಿಕೊಂಡಿರಬಾರದು, ಕುಂಕುಮವಿಟ್ಟಿರಬಾರದು, ಒಗ್ಗರಣೆಯ ವಾಸನೆಯೂ ಬಟ್ಟೆಗೆ ಅಂಟಿರಬಾರದು. ಹಾಗಾಗಿ ಒಣಕೋಣೆಯವರು ಮನೆಯಲ್ಲಿ ಉಣ್ಣದೆ ಅಚ್ಚುಮನೆಯಲ್ಲೇ ತಣ್ಣನೆಯ ರೊಟ್ಟಿ, ಮೊಸರು, ಗುರೆಳ್ಳು ಚಟ್ನಿ ಉಣ್ಣುತ್ತಾರೆ. ನಮ್ಮ ಉರುಳೆಗಳು ನುಣುಪಾದವಲ್ಲ. ನಾವು ಒತ್ತುವ ಗೆರೆ ದಪ್ಪ. ಆದರೆ ದಪ್ಪ ಗೆರೆಯ ಚಿಪ್ಪು ಕೂಡ ಬಾವಿಯ ಪಂಪನ್ನು ನಡೆಸಬಲ್ಲದು, ಬೀದಿದೀಪ ಹಚ್ಚಬಲ್ಲದು, ಕಿವುಡರ ಕಿವಿಯಲ್ಲಿ ಕೂತು ಮಾತು ಕೇಳಿಸಬಲ್ಲದು.

ಯಂತ್ರಕ್ಕೆ ಏನು ಹೇಳಿದರೆ ಅದು ಏನು ಮಾಡಬೇಕು ಎಂಬ ಆ ಮೂಲ ಮಾತುಗಳ ಕಟ್ಟನ್ನು ನಾವು ಬಯಲುನುಡಿ ಎನ್ನುತ್ತೇವೆ. ಯಾರೂ ಅಪ್ಪಣೆ ಕೇಳದೆ, ಯಾರಿಗೂ ಕಾಣಿಕೆ ಕೊಡದೆ ಬಳಸಬಹುದಾದದ್ದು. ನಿಮ್ಮ ಕಾಲದಲ್ಲಿ ದೊಡ್ಡ ದೇಶಗಳು ಒಂದಕ್ಕೊಂದು ಚಿಪ್ ಮಾರುವುದನ್ನೂ ಚಿಪ್ ಮಾಡುವ ಯಂತ್ರ ಮಾರುವುದನ್ನೂ ತಡೆಯುತ್ತಿದ್ದವೆಂದು ಶಾಲೆಯಲ್ಲಿ ಓದಿದ್ದೇವೆ. ಆ ಜಗಳದಲ್ಲಿ ಯಾರ ಪಾಲಿಗೂ ಸೇರದಂಥದ್ದೊಂದು ಇರಲಿ ಎಂದು ಕೆಲವರು ಬಯಲುನುಡಿಯ ಬೆನ್ನಿಗೆ ನಿಂತರೆಂದೂ ಓದಿದ್ದೇವೆ. ನಮಗೆ ಅದು ಇತಿಹಾಸವಲ್ಲ. ಇಂದಿಗೂ ಮೂಡಕೂಟ, ಪಡುಕೂಟ ಎಂದು ಎರಡು ದೊಡ್ಡ ಗುಂಪುಗಳಿವೆ. ಒಬ್ಬರ ಉರುಳೆ ಇನ್ನೊಬ್ಬರ ಬಂದರಿಗೆ ಇಳಿಯುವಂತಿಲ್ಲ. ಒಬ್ಬರ ಹಾಳೆ ಇನ್ನೊಬ್ಬರ ಉರುಳೆಗೆ ಕೂರುವಂತಿಲ್ಲ. ಎರಡರ ನಡುವೆ ನಮ್ಮಂಥ ನೂರಾರು ಅಚ್ಚಿನೂರುಗಳು ಬಯಲುನುಡಿಯನ್ನು ನಂಬಿ ಬದುಕಿವೆ. ಎಲ್ಲರೂ ಸೇರುವ ನುಡಿಯ ಮಹಾಸಭೆಯೊಂದಿದೆ. ನುಡಿಯಲ್ಲಿ ಏನಾದರೂ ಬದಲಾಗಬೇಕಾದರೆ ಅಲ್ಲಿ ಕೈ ಎಣಿಸುತ್ತಾರೆ. ದೊಡ್ಡ ಕೂಟಕ್ಕೂ ಒಂದೇ ಕೈ, ಬೆಟಗೇರಿಗೂ ಒಂದೇ ಕೈ.

ನುಡಿಯಲ್ಲಿ ಎರಡು ಭಾಗ. ಎಲ್ಲರಿಗೂ ಒಂದೇ ಆಗಿರುವ ಭಾಗ ಅಂಗಳ. ನೀವು ಖಾಲಿ ಬಿಟ್ಟ ಭಾಗ ಹಿತ್ತಲು. ಹಿತ್ತಲಿನಲ್ಲಿ ಯಾವ ಊರು ಬೇಕಾದರೂ ತನ್ನದೇ ಮಾತುಗಳನ್ನು ಬೆಳೆದುಕೊಳ್ಳಬಹುದು. ನಮ್ಮ ಹಿತ್ತಲಿನಲ್ಲಿ ಬಾವಿಯ ನೀರಿನ ಮಟ್ಟ ಅಳೆಯುವ ಮಾತುಗಳಿವೆ, ಮುಳಗುಂದದವರ ಹಿತ್ತಲಿನಲ್ಲಿ ಬೀಜದ ತೇವ ಅಳೆಯುವವು. ನಿಮ್ಮ ನಂತರದ ಕಾಲದಲ್ಲಿ ದೊಡ್ಡವರು ಸಣ್ಣವರ ಹಿತ್ತಲಿಗೆ ನುಗ್ಗಿ ಅಲ್ಲಿ ಬೆಳೆದದ್ದನ್ನೆಲ್ಲ ಕಿತ್ತೊಯ್ಯುತ್ತಿದ್ದರಂತೆ. ಅದನ್ನು ತಡೆಯಲು ಕಾನೂನು ಇರಲಿಲ್ಲ. ಹಾಗಾಗಿ ಅಚ್ಚಿನೂರುಗಳವರು ತಮ್ಮತಮ್ಮಲ್ಲಿ ಒಂದು ನಡವಳಿಕೆ ಬೆಳೆಸಿಕೊಂಡರು: ಇನ್ನೊಬ್ಬರ ಹಿತ್ತಲಿನೊಳಗೆ ಇಣುಕಬಾರದು. ಇಣುಕಿದವರ ಮನೆಗೆ ಹೆಣ್ಣು ಕೊಡುತ್ತಿರಲಿಲ್ಲ ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ಅದು ಉತ್ಪ್ರೇಕ್ಷೆ ಇದ್ದೀತು. ಆದರೆ ನಾಲ್ಕು ತಲೆಮಾರು ಸಣ್ಣವರನ್ನು ಕಾಪಾಡಿದ್ದು ಆ ನಾಚಿಕೆಯೇ.

ಓದುಕಟ್ಟೆಯ ಕೆಲಸವನ್ನೂ ಹೇಳಬೇಕು. ಯಾವ ಚಿಪ್ಪಿಗೂ ನಮ್ಮ ಮುದ್ರೆ ಬೀಳುವ ಮೊದಲು ಅದರ ನಕ್ಷೆಯನ್ನು ಇಲ್ಲಿ ಗಟ್ಟಿಯಾಗಿ ಓದಬೇಕು. ಒಬ್ಬರು ಓದುತ್ತಾರೆ, ಎದುರು ಕೂತವರು ಪ್ರತಿ ಮಾತಿಗೂ ಕಲ್ಲಿನ ಮೇಲೆ ಬೆರಳಿನಿಂದ ತಟ್ಟುತ್ತಾರೆ. ತಟ್ಟದಿದ್ದರೆ ಒಪ್ಪಿಗೆ ಇಲ್ಲವೆಂದರ್ಥ. ಕೇಳಲು ಯಾರು ಬೇಕಾದರೂ ಬರಬಹುದು. ತರಕಾರಿ ತಂದ ಹೆಂಗಸರು ಚೀಲ ಪಕ್ಕಕ್ಕಿಟ್ಟು ಕೂಡುತ್ತಾರೆ, ಕೆಲವರು ಅಲ್ಲೇ ಅವರೆಕಾಯಿ ಬಿಡಿಸುತ್ತಾರೆ. ಓದು ಹಿತ್ತಲಿಗೆ ಬಂದಾಗ ಓದುವವರು ನಿಲ್ಲಿಸುತ್ತಾರೆ. "ಹಿತ್ತಲಾ ಬಂತ್ರೆಪಾ" ಎಂದು ಹೇಳಿ, ಎಲ್ಲರೂ ಎದ್ದು ನೀರು ಕುಡಿದು, ಮರಳಿ ಕೂತು, ಹಿತ್ತಲಿನ ಆಚೆಯಿಂದ ಓದು ಮುಂದುವರಿಸುತ್ತಾರೆ. ಈ ನೀರು ಕುಡಿಯುವುದು ನಮ್ಮಲ್ಲಿ ಪೂಜೆಯಷ್ಟು ನಿಯಮದ್ದು.

ಇನ್ನು ಒರೇನ್‌ನ ವಿಷಯ.

ಅವನು ಮೂಡಕೂಟದ ದ್ವೀಪದವನು. ಓದುಕಟ್ಟೆಯ ಪದ್ಧತಿ ಕಲಿಯಲು ಬಂದ. ಮೂಡಕೂಟದವರು ಕಲಿಯಲು ಬರುವುದು ಅಪರೂಪ. ಅವರು ಸಾಮಾನ್ಯವಾಗಿ ಕಲಿಸಲು ಬರುತ್ತಾರೆ. ಅದೇ ಕಾರಣಕ್ಕೆ ಊರಿಗೆಲ್ಲ ಅವನ ಮೇಲೆ ಅಕ್ಕರೆ ಹುಟ್ಟಿತು. ಮೊದಲ ದಿನ ಪಂಕ್ತಿಯಲ್ಲಿ ಕೂತು ಖಡಕ್ ರೊಟ್ಟಿಯನ್ನು ಎರಡೂ ಕೈಯಿಂದ ಮುರಿಯಲು ಹೋಗಿ ಅರ್ಧ ರೊಟ್ಟಿ ಎದುರಿನವರ ತಾಟಿಗೆ ಹಾರಿಸಿದ. ಎದುರಿಗಿದ್ದವರು ಇಮಾಮಣ್ಣ. ಇಮಾಮಸಾಬ ನದಾಫ ನಮ್ಮ ಹಿರಿಯ ತಟ್ಟುಗಾರರು. ನಾನು ಓದಲು ಕೂತ ದಿನದಿಂದ ನನ್ನೆದುರು ತಟ್ಟಿದವರು ಅವರೇ.

"ನಿಮ್ಮ ದೇಶದಾಗ ಹಿಂಗ ಹಂಚಿ ಉಣ್ತಾರೇನಪಾ?" ಎಂದರು ಇಮಾಮಣ್ಣ.

ಒರೇನ್‌ಗೆ ಮಾತು ಅರ್ಥವಾಗಲಿಲ್ಲ. ಆದರೆ ನಗು ಅರ್ಥವಾಯಿತು. ಎದ್ದು ತನ್ನ ತಾಟಿನ ಇನ್ನರ್ಧ ರೊಟ್ಟಿಯನ್ನೂ ಅವರ ತಾಟಿಗೆ ಹಾಕಿದ.

ಏಳು ಬೇಸಿಗೆ ನಮ್ಮೊಂದಿಗಿದ್ದ. ನನ್ನ ಮನೆಯ ಮಾಳಿಗೆಯಲ್ಲೇ ಇದ್ದ. ಕನ್ನಡವನ್ನು ಪುಸ್ತಕದಿಂದ ಕಲಿಯಲಿಲ್ಲ. ಬಣ್ಣದ ಮನೆಯ ತುಳಜಾಬಾಯಿ ಬಾಕಳೆಯಿಂದ ಕಲಿತ. ಆದ್ದರಿಂದ ಅವನಿಗೆ ನಮಸ್ಕಾರಕ್ಕಿಂತ ಮೊದಲು ಬೈಗುಳ ಬಂತು. "ಏ ಮೂಳಾ, ಚಾ ಆರಾಕತ್ತೈತಿ" ಎಂದು ಅಚ್ಚುಮನೆಯ ಅಧ್ಯಕ್ಷರನ್ನು ಕರೆದದ್ದನ್ನು ಜನ ಇನ್ನೂ ಹೇಳಿ ನಗುತ್ತಿದ್ದರು. ಹೋದ ತಿಂಗಳವರೆಗೆ ನಗುತ್ತಿದ್ದರು. ತುಳಜಾಬಾಯಿಯನ್ನು ಅವನು ಅವ್ವಾ ಎನ್ನುತ್ತಿದ್ದ, ನನ್ನನ್ನು ಅಕ್ಕಾ. ಓದುಕಟ್ಟೆಯಲ್ಲಿ ಒಂದು ಮೂಲೆ ಹಿಡಿದು ಕೂಡುತ್ತಿದ್ದ. ಹಿತ್ತಲು ಬಂದಾಗ ಎಲ್ಲರಿಗಿಂತ ಮೊದಲು ಎದ್ದು, ಮಣ್ಣಿನ ಹರವಿಯಿಂದ ನೀರು ಮೊಗೆದು, ಓದುವವರಿಗೂ ತಟ್ಟುವವರಿಗೂ ತಂದುಕೊಡುತ್ತಿದ್ದ. ಹೊರಗಿನವನಾದರೂ ನಮ್ಮ ಮರ್ಯಾದೆ ಇಷ್ಟು ಬೇಗ ತಿಳಿದುಕೊಂಡನಲ್ಲ ಎಂದು ನಾವು ಮಾತಾಡಿಕೊಳ್ಳುತ್ತಿದ್ದೆವು. ತಿಳಿದುಕೊಂಡಿದ್ದ, ನಿಜ. ಈಗ ಆ ವರ್ಷಗಳನ್ನೆಲ್ಲ ತಿರುವಿ ನೋಡಿದರೆ, ಯಾವ ಲೋಟ ನೀರು ಪ್ರೀತಿಯದು, ಯಾವುದು ಅಭ್ಯಾಸದ್ದು ಎಂದು ಬೇರ್ಪಡಿಸಲು ನನಗೆ ಆಗುತ್ತಿಲ್ಲ. ಬಹುಶಃ ಅವನಿಗೂ ಆಗುವುದಿಲ್ಲ. ಅವನನ್ನು ಪೂರ್ತಿ ದ್ವೇಷಿಸಲು ಆಗದಂತೆ ಮಾಡಿರುವುದು ಇದೊಂದೇ.

ಅವನು ತನ್ನ ದ್ವೀಪಕ್ಕೆ ಮರಳಿದ ಮೇಲೆ, ಎರಡು ಬೇಸಿಗೆ ಕಳೆದು, ತನ್ನ ಕೂಟದ ಪರವಾಗಿ ಒಂದು ಪ್ರಸ್ತಾಪ ಹಿಡಿದು ಬಂದ. ನಮ್ಮ ಗೋಪುರಗಳು ತುಂಗಭದ್ರೆಯ ಕೊಳವೆಯ ನೀರನ್ನು ಗುಡ್ಡದ ಮೇಲಿನ ತೊಟ್ಟಿಗಳಿಗೆ ಎತ್ತುತ್ತವೆ. ಮಳೆಗಾಲದ ಗಾಳಿಗೆ ನಮ್ಮ ದಪ್ಪ ಗೆರೆಯ ಚಿಪ್ಪು ಸಾಕು. ಬರಿಗಾಳಿಯ ತಿಂಗಳುಗಳಲ್ಲಿ ಗಾಳಿ ಮಂದ, ದಿಕ್ಕು ಚಂಚಲ. ಆಗ ಕ್ಷಣಕ್ಷಣಕ್ಕೂ ಗಾಳಿಯನ್ನು ಓದಿ ರೆಕ್ಕೆ ಹೊರಳಿಸಬಲ್ಲ ಚಿಪ್ಪು ಬೇಕು. ಅದನ್ನು ಒತ್ತುವ ನುಣುಪಿನ ಉರುಳೆ ನಮ್ಮಲ್ಲಿಲ್ಲ. ನಮಗೆ ಮಾರುವುದೂ ಇಲ್ಲ. ನಿಮಗೆ ಈ ಮಾತು ಹೊಸದಾಗಿರಲಾರದು. ನುಡಿಯನ್ನು ಬಯಲಿಗಿಟ್ಟಿರಿ, ಉರುಳೆಯನ್ನು ಬೀಗದೊಳಗಿಟ್ಟಿರಿ. ಬರೆಯಲು ಎಲ್ಲರಿಗೂ ಹಕ್ಕು, ಒತ್ತಲು ಕೆಲವರಿಗೆ. ಒರೇನ್ ತಂದದ್ದು ಇದಕ್ಕೆ ಪರಿಹಾರ: ಚಿಪ್ಪಿನ ಅಂಗಳವನ್ನು ನಾವೂ ಅವರೂ ಕೂಡಿ ಬರೆಯುವುದು, ಗಾಳಿ ಓದುವ ಹಿತ್ತಲನ್ನು ಅವರು ಬರೆಯುವುದು, ಒತ್ತುವುದು ಅವರ ಉರುಳೆಯಲ್ಲಿ, ಮುದ್ರೆ ಬೆಟಗೇರಿಯದು.

ಓದಿನ ದಿನ ಪಡಸಾಲೆ ತುಂಬಿತ್ತು. ಓದಿದವಳು ನಾನು, ತಟ್ಟಿದವರು ಇಮಾಮಣ್ಣ. ಹಿತ್ತಲು ಬಂತು. ನಾನು ನಿಲ್ಲಿಸಿದೆ. ಆಗ ಒರೇನ್ ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಹೇಳಿದ:

"ಅಕ್ಕಾ, ಬೇಕಂದ್ರ ಹಿತ್ತಲಾನೂ ಓದ್ರಿ. ನಮ್ಮದೇನ ಮುಚ್ಚುಮರಿ ಇಲ್ಲ."

ಹಿತ್ತಲನ್ನು ಓದಿ ಎಂದು ಯಾರೂ ಯಾರಿಗೂ ಹೇಳಿದ್ದಿಲ್ಲ. ನಾವು ಅವನನ್ನು ಸಂಶಯಿಸುತ್ತೇವೆಂದು ಅವನಿಗೆ ಅನಿಸಿಬಿಟ್ಟಿತೇ ಎಂದು ಎಲ್ಲರ ಮುಖ ಸಣ್ಣದಾಯಿತು. ಮೊದಲು ಬಾಯಿ ಬಿಟ್ಟವಳು ತುಳಜಾಬಾಯಿ.

"ಛೆ, ಛೆ! ಏನ್ ಮಾತ್ ಆಡ್ತಿಯೋ? ನಿನ್ನ ಹಿತ್ತಲಾ ಇಣಕೂ ಅಷ್ಟು ಮರ್ಯಾದಿ ಬಿಟ್ಟೇವೇನು ನಾವು?"

"ಮೊದಲ ನೀರ್ ತಗೊಂಬಾ," ಎಂದರು ಇಮಾಮಣ್ಣ. "ಇಷ್ಟ್ ವರ್ಷ ಆದಮ್ಯಾಲ ಪರದೇಶ್ಯಾರಂಗ ಮಾತಾಡ್ತಾನ ನೋಡು."

ಎಲ್ಲರೂ ನಕ್ಕರು. ಅವನೂ ನಕ್ಕ. ಹರವಿಯ ಕಡೆಗೆ ಹೋದ. ನಾನು ಹಿತ್ತಲಿನ ಆಚೆಯಿಂದ ಓದಿದೆ, ಇಮಾಮಣ್ಣ ತಟ್ಟಿದರು, ಮುದ್ರೆ ಬಿತ್ತು. ಅವನು ಹಾಗೆ ಹೇಳದೆ ಸುಮ್ಮನಿದ್ದಿದ್ದರೆ ಯಾರಾದರೊಬ್ಬರು ಮುಂದೆ ಎಂದೋ ಒಮ್ಮೆ, ಹೊಸ ಗೋಪುರವೆಂಬ ಕುತೂಹಲಕ್ಕಾದರೂ, ಅತ್ತ ಕಣ್ಣು ಹಾಯಿಸುತ್ತಿದ್ದರೋ ಏನೋ. ಅವನೇ ಬಾಯಿಬಿಟ್ಟು ಓದಿ ಎಂದ ಮೇಲೆ ಓದುವುದು ಬೆಟಗೇರಿಯಲ್ಲಿ ಯಾರಿಂದಲೂ ಆಗುವ ಕೆಲಸವಾಗಿರಲಿಲ್ಲ. ನಮ್ಮನ್ನು ಅಷ್ಟು ಚೆನ್ನಾಗಿ ಬಲ್ಲವನು ಬೇರೆ ಯಾರೂ ಇರಲಿಲ್ಲ.

ಆಮೇಲಿನ ಮೂರು ಬೇಸಿಗೆಗಳನ್ನು ಊರು ಮರೆಯಲಾರದು. ಮಂದಗಾಳಿಯಲ್ಲೂ ತೊಟ್ಟಿ ತುಂಬಿ ಹರಿಯಿತು. ಬೀದಿಯ ಕೊನೆಯ ನಲ್ಲಿಯಲ್ಲೂ ನೀರು ಬಂತು. ನಮ್ಮ ಮುದ್ರೆಯನ್ನು ನಂಬಿ ಬೇರೆ ಊರುಗಳವರೂ ಆ ಚಿಪ್ಪು ಕೊಂಡರು. ತುಳಜಾಬಾಯಿ ಬಣ್ಣದ ಹೊಂಡಗಳನ್ನು ಬೇಸಿಗೆಯಲ್ಲಿ ಮುಚ್ಚುವ ಪದ್ಧತಿ ಬಿಟ್ಟಳು. ಅವಳ ಮನೆಯ ನೀಲಿ ನೂಲು ವರ್ಷವಿಡೀ ಅಂಗಳದಲ್ಲಿ ಒಣಗಿತು. ಹಳೆಯ ಬಾವಿಗಳಿಗೆ ಹಲಗೆ ಹಾಕಿ ಅದರ ಮೇಲೆ ಜನ ಸಂಡಿಗೆ ಒಣಹಾಕಿದರು.

ಈ ವರ್ಷ ಮೂಡಕೂಟ ಮಹಾಸಭೆಯ ಮುಂದೆ ಒಂದು ಠರಾವು ತಂದಿದೆ. ಪಡುಕೂಟದ ನಾಡುಗಳಲ್ಲಿರುವ ಯಾರೂ ಇನ್ನು ಮುಂದೆ ಬಯಲುನುಡಿಯನ್ನು ಬಳಸಬಾರದು. ಬಳಸಿ ಒತ್ತಿದ ಚಿಪ್ಪನ್ನು ಯಾರೂ ಕೊಳ್ಳಬಾರದು. ಠರಾವಿನ ಪರ-ವಿರೋಧದ ಕೈಗಳು ಹೆಚ್ಚುಕಡಿಮೆ ಸಮ. ಇನ್ನೂ ನಿಲುವು ಹೇಳದ ಸಣ್ಣ ಊರುಗಳ ಕೈಗಳೇ ನಿರ್ಣಾಯಕ. ಮಹಾಸಭೆಗೆ ಒಂದು ತಿಂಗಳಿರುವಾಗ ಮೂಡಕೂಟದ ಕಚೇರಿಯಿಂದ ನಮ್ಮ ಅಧ್ಯಕ್ಷರಿಗೆ ವಿನಯದ ಮಾತುಗಳ ಒಂದು ಸಂದೇಶ ಬಂತು: ಗೋಪುರದ ಚಿಪ್ಪುಗಳು ಪ್ರತಿ ಅಮಾವಾಸ್ಯೆಗೆ ದ್ವೀಪದಿಂದ ಅಪ್ಪಣೆ ಪಡೆಯುತ್ತವೆ. ಈವರೆಗೆ ಸಂತೋಷದಿಂದ ಕೊಟ್ಟಿದ್ದೇವೆ. ಬೆಟಗೇರಿ ಠರಾವಿಗೆ ಕೈ ಎತ್ತಿದರೆ ಮುಂದೆಯೂ ಕೊಡುತ್ತೇವೆ, ಎತ್ತದಿದ್ದರೆ ಬರುವ ಅಮಾವಾಸ್ಯೆಯಿಂದ ಕೊಡುವುದು ಕಷ್ಟವಾದೀತು. ನಂಬಿಕೆ ಬರಲೆಂದು ಮರುದಿನ ಮಧ್ಯಾಹ್ನ, ಒಳ್ಳೆಯ ಗಾಳಿಯಿರುವಾಗಲೇ, ತೆಂಕಣ ತುದಿಯ ಗೋಪುರ ನಿಂತಿತು. ಊಟದ ಹೊತ್ತು ಕಳೆದ ಮೇಲೆ ತಾನೇ ತಿರುಗತೊಡಗಿತು.

ಅಂದು ಸಂಜೆ ನಾವು ಹಿತ್ತಲನ್ನು ತೆರೆದೆವು. ಇಮಾಮಣ್ಣನೇ ಓದಿದರು. ಗಾಳಿ ಓದುವ ಮಾತುಗಳ ನಡುವೆ ಇನ್ನೊಂದು ಮಾತು ಕೂತಿತ್ತು. ಮರೆಮಾಚಿರಲಿಲ್ಲ, ತಿರುಚಿರಲಿಲ್ಲ; ಅಂಗಳದ ಮಾತುಗಳಷ್ಟೇ ಸರಳವಾಗಿ ಬರೆದಿತ್ತು. ಅಪ್ಪಣೆ ಕೇಳು, ಬಾರದಿದ್ದರೆ ನಿಲ್ಲು, ಕೊಟ್ಟದ್ದನ್ನು ಹಿಂತೆಗೆದರೂ ನಿಲ್ಲು. ಅದನ್ನು ಕಿತ್ತರೆ ಗಾಳಿ ಓದುವುದೂ ನಿಲ್ಲುವಂತೆ ಎರಡನ್ನೂ ಹೆಣೆದಿತ್ತು. ಬಿಡಿಸಿ ಬರೆಯಬಹುದು, ಬರೆದೂ ಆಯಿತು. ಒತ್ತಲು ಅವರ ಉರುಳೆಯೇ ಬೇಕು. ಇಮಾಮಣ್ಣ ಆ ಮಾತನ್ನು ಎರಡು ಸಲ ಓದಿದರು. ಎದುರು ಕೂತ ನನಗೆ ತಟ್ಟಲು ಆಗಲಿಲ್ಲ.

ನಾನು ಒರೇನ್ ಜೊತೆ ದೂರದನಿಯಲ್ಲಿ ಮಾತಾಡಿದೆ. ಬೈಯಬೇಕೆಂದು ಕೂತಿದ್ದೆ. ಅವನ ದನಿ ಕೇಳಿದ್ದೇ, "ಉಂಡೇನು?" ಎಂದು ಕೇಳಿಬಿಟ್ಟೆ. ಅಭ್ಯಾಸ.

"ಉಂಡೆ, ಅಕ್ಕಾ," ಎಂದ.

"ಯಾಕ ಹಿಂಗ ಮಾಡಿದಿ?"

"ನಾ ಮುಚ್ಚಿಟ್ಟಿಲ್ಲ ಅಕ್ಕಾ. ಬಯಲದಾಗ ಇತ್ತು. ಓದ್ರಿ ಅಂತ ಎಲ್ಲಾರ ಮುಂದ ಹೇಳಿದ್ದೆ. ನೀವು ನೋಡಬಹುದಿತ್ತಲ್ಲ?"

ಉತ್ತರ ಗೊತ್ತಿದೆ ಎಂದು ಮೇಲೆ ಬರೆದದ್ದು ಇದನ್ನೇ. ನಮ್ಮ ಅಧ್ಯಕ್ಷರು ಮಹಾಸಭೆಯ ಕಚೇರಿಗೆ ದೂರು ಕೊಟ್ಟರು. ಅವರೂ ಅದನ್ನೇ ಹೇಳಿದರು. ನುಡಿ ಬಯಲಿನದು, ಹಿತ್ತಲು ಬರೆದವರ ಇಷ್ಟ, ಓದುವುದು ಕೊಂಡವರ ಹೊಣೆ; ನಿಯಮದ ಪ್ರಕಾರ ತಪ್ಪು ನಡೆದಿಲ್ಲ. ಹಿರಿಯರೇ, ಆ ನಿಯಮ ನಿಮ್ಮದು. ನೀವು ಬರೆದಂತೆಯೇ ಇದೆ, ಒಂದು ಸಾಲೂ ಬದಲಾಗಿಲ್ಲ. ಒರೇನ್ ನಮಗೆ ಮಾಡಿದ್ದನ್ನು ಹೇಳಿದೆ. ನೀವು ಮಾಡಿದ್ದನ್ನೂ ಹೇಳಬೇಕಲ್ಲ. ಬೀಗವಿಲ್ಲದ ಮನೆಗೆ ಯಾರೂ ಬೀಗ ಹಾಕಲಾರರು ಎಂದು ನೀವು ನಮ್ಮನ್ನು ನಂಬಿಸಿದಿರಿ. ಬಯಲು ಎಂಬ ಒಂದೇ ಗುಣ ನಮ್ಮನ್ನು ಕಾಯುತ್ತದೆ ಎಂದು ಪಾಠ ಬರೆದಿರಿ. ನಾವು ಅದನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದೆವು.

ಊರ ಸಭೆ ಅಚ್ಚುಮನೆಯ ಒಣಕೋಣೆಯಲ್ಲಿ ಸೇರಿತು. ಅಷ್ಟು ಜನ ಹಿಡಿಯುವ ಜಾಗ ಬೇರೆ ಇರಲಿಲ್ಲ. ಎಣ್ಣೆ, ಕುಂಕುಮ, ಒಗ್ಗರಣೆ ಎಲ್ಲ ಒಳಬಂದವು, ಯಾರೂ ತಡೆಯಲಿಲ್ಲ. ಕೈ ಎತ್ತಬೇಕೆಂದು ಮೊದಲು ವಾದಿಸಿದವಳು ತುಳಜಾಬಾಯಿಯೇ. ಬೇಸಿಗೆಯಲ್ಲಿ ಎಲ್ಲರಿಗಿಂತ ಹೆಚ್ಚು ನೀರು ಬೇಕಾದವಳು ಅವಳು.

"ಕೈ ಎತ್ತಿದ್ರ ಕೈಯೇನ ಮುರೀತೈತೇನ್ರೀ?" ಎಂದಳು. "ಯಾರೋ ಪಡುಕೂಟದವ್ರು. ಅವರ ಮಾರಿ ನೋಡಿಲ್ಲ, ಹೆಸರ ಕೇಳಿಲ್ಲ. ಅವರ ಸಲುವಾಗಿ ನನ್ನ ಹೊಂಡ ಒಣಗಿಸ್ಲೇನು? ಸಣ್ಣ ಮಕ್ಕಳ ನೀರು ಕೇಳಿದ್ರ ಏನ್ ಕೊಡೂದು, ಠರಾವ ಕುಡಿಸೂದೇನು?"

ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಹಲವರು ತಲೆಯಾಡಿಸಿದರು.

"ಪಡುಕೂಟದಾಗೂ ನಮ್ಮಂಥಾ ಅಚ್ಚಿನೂರು ಅದಾವ, ತುಳಜಕ್ಕಾ," ಎಂದರು ಇಮಾಮಣ್ಣ. "ನುಡಿ ಕಸಗೊಂಡ್ರ ಅವರ ಉರುಳಿ ಮರುದಿನಾ ನಿಲ್ತಾವ. ಅವರೂ ನಮ್ಮಂಗ ನಡಕೊಂಡು ಬಂದ ಮಂದಿ. ಒಂದ್ ದಿನಾನೂ ನಮ್ಮ ಹಿತ್ತಲಾ ಇಣಕಿಲ್ಲ."

"ಇಣಕಿದ್ರ ಚೊಲೋ ಆಗ್ತಿತ್ತು ಬಿಡ್ರಿ. ಯಾರರ ಒಬ್ಬರು ನೋಡಿ ಹೇಳ್ತಿದ್ರು," ಎಂದಳು ಅವಳು.

ಆ ಕೋಣೆಯಲ್ಲಿ ಬಹಳ ದಿನಗಳ ಮೇಲೆ ಜನ ನಕ್ಕರು. ತುಳಜಾಬಾಯಿ ಮಾತ್ರ ನಗಲಿಲ್ಲ. ನಗು ಇಳಿಯುವವರೆಗೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಿದ್ದಳು. ಆಮೇಲೆ ಮೊದಲಿನ ಜೋರಿಲ್ಲದ ದನಿಯಲ್ಲಿ ಹೇಳಿದಳು:

"ನನಗ ಸಿಟ್ಟು ಬಂದಿರೂದು ನೀರಿಗೆ ಅಲ್ರೀ. ಅಂವಾ ನನ್ನ ಮನ್ಯಾಗ ಉಂಡಾಂವ. ಸಾರಿಗೆ ಖಾರ ಆತು ಅಂತ ಕಣ್ಣಾಗ ನೀರ್ ಹಾಕ್ಕೊಂತನ, ಅವ್ವಾ ಇನ್ನಷ್ಟ ಹಾಕು ಅಂದಾಂವ. ಅವ್ವಾ, ನಮ್ಮ ಮಂದಿಗೆ ಒಂದ್ ಕೈ ಬೇಕಾಗೈತಿ, ಎತ್ತಸ್ತಿಯೇನು ಅಂತ ಬಂದ್ ಕೇಳಿದ್ರ, ನಾ ಈ ಊರಿಗೆ ಊರನ್ನ ಕಾಲ ಹಿಡದ ಒಪ್ಪಸ್ತಿದ್ದೆ. ಸುಮ್ಮನ ಕೊಡ್ತಿದ್ವಿ. ಕೇಳಲಿಲ್ಲಲ್ಲ ಅಂವಾ."

ಅದಾದ ಮೇಲೆ ಕೈ ಎಣಿಸುವ ಅಗತ್ಯ ಬೀಳಲಿಲ್ಲ. ಠರಾವಿಗೆ ಬೆಟಗೇರಿ ಕೈ ಎತ್ತುವುದಿಲ್ಲವೆಂದು ಮಹಾಸಭೆಗೆ ತಿಳಿಸಿದೆವು. ಆ ಚಿಪ್ಪಿನ ಮೇಲಿರುವ ನಮ್ಮ ಮುದ್ರೆಯನ್ನು ನಂಬಬೇಡಿ ಎಂದು, ಅದನ್ನು ಕೊಂಡ ಇತರ ಊರುಗಳಿಗೂ ಹೇಳಿಕಳಿಸಿದೆವು. ಉತ್ತರಗಳು ಬರುತ್ತಿವೆ. ಕೆಲವು ಊರುಗಳವರು ಸಿಟ್ಟಾಗಿದ್ದಾರೆ. ಸಿಟ್ಟಾಗದವರ ಉತ್ತರಗಳನ್ನು ಓದುವುದು ಇನ್ನೂ ಕಷ್ಟ. ಇನ್ನೊಂದು ನಿರ್ಧಾರವೂ ಆಯಿತು. ಅಮಾವಾಸ್ಯೆಗೆ ಅವರು ನಿಲ್ಲಿಸುವವರೆಗೆ ಕಾಯುವುದಿಲ್ಲ. ಅಪ್ಪಣೆ ಕೇಳುವ ಚಿಪ್ಪುಗಳನ್ನು ನಾವೇ ಕಿತ್ತು, ನಮ್ಮ ದಪ್ಪ ಗೆರೆಯವನ್ನು ಮರಳಿ ಕೂರಿಸುತ್ತೇವೆ. ಜೋರು ಗಾಳಿ ಬರುವವರೆಗೆ ಅವು ಹೆಚ್ಚುಕಡಿಮೆ ಸುಮ್ಮನೆ ನಿಲ್ಲುತ್ತವೆ. ಬಾವಿಗಳ ಹಲಗೆ ಎತ್ತಿದ್ದಾರೆ. ಎರಡು ಬಾವಿಯ ನೀರು ಸರಿಯಿದೆ, ಉಳಿದವುಗಳ ಹೂಳೆತ್ತಬೇಕು. ಬೇಸಿಗೆ ದಾಟುತ್ತೇವೋ ಎಂದರೆ ದಾಟಬಹುದು. ಯಾವ ಸ್ಥಿತಿಯಲ್ಲಿ ಎಂದು ಹೇಳಲಾರೆ.

ನಿಮ್ಮಲ್ಲಿ ನನ್ನದೊಂದು ಬೇಡಿಕೆ. ನುಡಿಯನ್ನು ಮುಚ್ಚಿ ಎಂದು ಕೇಳುತ್ತಿಲ್ಲ. ಮುಚ್ಚಿದ್ದರೆ ಬೆಟಗೇರಿಯೇ ಇರುತ್ತಿರಲಿಲ್ಲ. ಖಾಲಿ ಜಾಗವನ್ನೂ ಹಾಗೆಯೇ ಬಿಡಿ. ಆದರೆ ಅದರಲ್ಲಿ ಏನನ್ನೇ ಬರೆದರೂ, ಬರೆದವರಲ್ಲದ ಇನ್ನೊಬ್ಬರು ಗಟ್ಟಿಯಾಗಿ ಓದದ ಹೊರತು ಅದು ಯಾವ ಊರಿನ ಯಂತ್ರಕ್ಕೂ ಹೋಗಬಾರದೆಂದು ನಿಯಮ ಮಾಡಿ. ಓದಬಹುದು ಎಂದು ಬರೆದರೆ ಸಾಲದು; ಓದಲೇಬೇಕು ಎಂದು ಬರೆಯಿರಿ. ಬಹುದು ಎಂದಿದ್ದರೆ ಓದುವವರು ಸಂಶಯದವರಾಗುತ್ತಾರೆ, ಮರ್ಯಾದೆಗೆಟ್ಟವರಾಗುತ್ತಾರೆ. ಬೇಕು ಎಂದಿದ್ದರೆ ಅವರು ಬರೀ ಕೆಲಸ ಮಾಡುವವರು. ನನ್ನಂಥವಳು ಆಗ ತಮ್ಮನಂತಿದ್ದವನ ಮುಂದೆ ತಲೆ ತಗ್ಗಿಸದೆ ಅವನ ಹಿತ್ತಲನ್ನು ಓದಬಹುದಿತ್ತು. ಓದಿಸಿಕೊಳ್ಳುವುದು ಖಚಿತವೆಂದು ಗೊತ್ತಿದ್ದರೆ ಅವನೂ ಅದನ್ನು ಬರೆಯುತ್ತಿರಲಿಲ್ಲ. ನಮ್ಮಿಬ್ಬರಿಗೂ ಒಳ್ಳೆಯದಾಗುತ್ತಿತ್ತು. ಸಾಧ್ಯವಾದರೆ ಉರುಳೆ ಮಾಡುವ ವಿದ್ಯೆಯನ್ನೂ ನಾಲ್ಕು ಕಡೆ ಹಂಚಿಡಿ. ಬರೆಯುವ ಹಕ್ಕನ್ನು ಕೊಟ್ಟು ಒತ್ತುವ ಕೈಯನ್ನು ಕೊಡದಿದ್ದರೆ ಅದು ಅರ್ಧ ಉಪಕಾರ, ಮತ್ತು ಅರ್ಧ ಉಪಕಾರ ಎಷ್ಟು ಅಪಾಯದ್ದೆಂದು ಈ ಗುಡ್ಡದ ಮೇಲೆ ನಿಂತರೆ ಕಾಣುತ್ತದೆ.

ಇದನ್ನು ನೀವು ಮಾಡಲಿಲ್ಲವೆಂದು ನನಗೆ ಗೊತ್ತು. ನಿಮ್ಮ ಬರಹ ನನ್ನ ಎದುರಿಗೇ ಇದೆ. ಆ ಸಾಲು ಅದರಲ್ಲಿಲ್ಲ. ಆದರೂ ಕೇಳುತ್ತಿದ್ದೇನೆ. ಸಿಗದೆಂದು ಗೊತ್ತಿದ್ದರೂ ಬಾಯಿಬಿಟ್ಟು ಕೇಳುವುದು ಒಂದು ಮರ್ಯಾದೆ. ನಮ್ಮ ಮರ್ಯಾದೆಗಳಲ್ಲಿ ಇದೊಂದಾದರೂ ನನ್ನ ಬಳಿ ಕೆಡದೆ ಉಳಿಯಲಿ.

ನಿನ್ನೆ ದೂರದನಿಯಲ್ಲಿ ಒರೇನ್‌ನ ಮಾತು ಬಂದು ಕೂತಿದೆ. "ಅಕ್ಕಾ, ಆರಾಮ ಅದೀರೇನು?" ಇಷ್ಟೇ. ಮರುಮಾತು ಕಳಿಸಿಲ್ಲ. ಅಳಿಸಿಯೂ ಇಲ್ಲ.

ಬೆಳಗಾಗಿದೆ. ಜನ ಹಂಡೆ, ಕೊಡ, ಕೊಪ್ಪರಿಗೆಗಳನ್ನೆಲ್ಲ ತುಂಬಿಸಿಕೊಂಡಿದ್ದಾರೆ. ತುಳಜಾಬಾಯಿ ಬಣ್ಣದ ಹೊಂಡಗಳನ್ನು ಬೂದಿ ಹಾಕಿ ತಿಕ್ಕಿ ತೊಳೆದು ಓಣಿಯವರಿಗೆಲ್ಲ ಕುಡಿಯುವ ನೀರು ತುಂಬಿಸಿಟ್ಟಿದ್ದಾಳೆ. ಎಷ್ಟು ತಿಕ್ಕಿದರೂ ನೀಲಿ ಪೂರ್ತಿ ಹೋಗಿಲ್ಲ, ಮಕ್ಕಳು ಅದನ್ನೇ ಸಂಭ್ರಮದಿಂದ ಕುಡಿಯುತ್ತಿದ್ದಾರೆ. ಇಮಾಮಣ್ಣ ಹೊರಗೆ ಬಂಡಿಯಲ್ಲಿ ಕೂತು, "ಕಾಶವ್ವಾ, ಬಿಸಲು ಏರತೈತಿ, ಬಾರವ್ವಾ" ಎಂದು ಕರೆಯುತ್ತಿದ್ದಾರೆ. ಗುಡ್ಡದ ಮೇಲೆ ಈ ಹೊತ್ತಿಗೆ ಮಂದಗಾಳಿ ಇರುತ್ತದೆ. ಎಲ್ಲ ಗೋಪುರಗಳೂ ತಿರುಗುತ್ತಿವೆ, ಇಲ್ಲಿಂದಲೇ ಕಾಣುತ್ತಿವೆ. ನಾವು ಅವನ್ನು ಒಂದೊಂದಾಗಿ ನಿಲ್ಲಿಸುತ್ತ ಹೋಗುತ್ತೇವೆ.

ನೀವು ಚೆನ್ನಾಗಿರಿ. ಇದನ್ನು ಸಿಟ್ಟಿನಿಂದ ಬರೆದಿದ್ದರೂ ಈ ಮಾತನ್ನು ಮನಸ್ಸಿನಿಂದ ಬರೆದಿದ್ದೇನೆ.

ಕಾಶವ್ವ ಅಚ್ಚಿನಮನಿ
ಓದುಗಾರ್ತಿ, ಬೆಟಗೇರಿ